ಗೆರೆ ಮುಟ್ಟದ ಬಟ್ಟಲು

ಬಟ್ಟಲು ಜನರ ನಡುವೆಲ್ಲ ಸುತ್ತಿ ಒಣಗಿಯೇ ಹಿಂದಿರುಗಿತು.

ಬಟ್ಟಲಮ್ಮ ಅದನ್ನು ಏರಿಯವನ ಮೂಗಿನ ಕೆಳಗೆ ಹಿಡಿದು ತೋರಿಸಿದಳು. ಒಳಗೆ ಸ್ವಲ್ಪ ಧೂಳಿತ್ತು. ಹನಿ ಇರಲಿಲ್ಲ.

"ಯಾರೂ ಅಳಲಿಲ್ಲ ಕಣಪ್ಪಾ," ಎಂದಳು. "ಇಳಿ ಕೆಳಗೆ."

ಅವನು ಕಟ್ಟೆ ಹತ್ತಿ ಹೇಳಿದ್ದು ಹೆಚ್ಚೇನಲ್ಲ. ಊರ ತಲೆಯ ಮೇಲೆ ಕೆರೆ. ಕೆರೆಗೆ ಮಣ್ಣಿನ ಏರಿ. ಏರಿ ಕಾಯುವುದು ಅವನ ಕೆಲಸ. ಏರಿಯ ಬುಡದಲ್ಲಿ ಇಷ್ಟು ಕಾಲ ತಿಳಿನೀರು ಜಿನುಗುತ್ತಿತ್ತು. ಈಗ ಕೆಂಪು ನೀರು ಬರುತ್ತಿದೆ. ತಿಳಿನೀರು ಬಂದರೆ ಕೆರೆಯ ನೀರು ಬಂತು ಅಂತ. ಕೆಂಪು ನೀರು ಬಂದರೆ ಏರಿಯೇ ಕರಗಿ ಬಂತು ಅಂತ. ಹೀಗೇ ಬಿಟ್ಟರೆ ಏರಿ ಒಡೆಯುತ್ತದೆ. ಒಡೆದರೆ ಊರಲ್ಲಿ ಯಾರೂ ಉಳಿಯುವುದಿಲ್ಲ.

ಜನ ಕೇಳಿದರು. ಮುಸುಕಿನೊಳಗೇ ಆಕಳಿಸಿದರು.

ಆ ಊರಿನ ಕಟ್ಟಳೆ ಒಂದೇ. ಯಾವ ಅಪಾಯವಾದರೂ ಅಳುವ ಕಟ್ಟೆಯ ಮೇಲೆ ನಿಂತು ಹೇಳಬೇಕು. ಹೇಳಿದ ಮೇಲೆ ಕಂಚಿನ ಬಟ್ಟಲು ಜನರ ನಡುವೆ ಹೋಗುತ್ತದೆ. ಅಳು ಬಂದವರು ಮುಸುಕು ಎತ್ತಿ, ಮುಖ ಬಾಗಿಸಿ, ಹನಿ ಬೀಳಿಸಿ, ಮುಸುಕು ಇಳಿಸುತ್ತಾರೆ. ಬಟ್ಟಲಿನ ಒಳಗೊಂದು ಗೆರೆ. ಕಣ್ಣೀರು ಗೆರೆ ಮುಟ್ಟಿದರೆ ಊರಿಗೆ ಊರೇ ಕೈಕೆಲಸ ಬಿಟ್ಟು ಆ ಅಪಾಯದ ಮೇಲೆ ಬೀಳುತ್ತದೆ. ಮುಟ್ಟದಿದ್ದರೆ ಆ ಅಪಾಯ ಇಲ್ಲ. ಇದ್ದರೂ ಇಲ್ಲ.

ಮುಸುಕು ಬಂದದ್ದೂ ಹಾಗೆಯೇ. ಯಾವುದೋ ಕಾಲದಲ್ಲಿ ಒಬ್ಬ ಮದುಮಗ ಹಸೆಮಣೆಯ ಮೇಲೆ ಕೂತು ಪಾನಕ ಕುಡಿದ. ಲೋಟದಲ್ಲಿ ಕಣಜವಿತ್ತು. ನಾಲಿಗೆಗೆ ಕಚ್ಚಿತು. ನಾಲಿಗೆ ಊದಿ ಉಸಿರು ಕಟ್ಟಿ ಸತ್ತ. ಮದುಮಗಳು ಅರಿಶಿನದ ಕೈಯಲ್ಲೇ ಅವನನ್ನು ಹಿಡಿದು ಕಟ್ಟೆಯ ಮೇಲೆ ಕೂತಳು. ಅಂದು ಬಟ್ಟಲು ಉಕ್ಕಿ ಹರಿಯಿತು. ಅಂದಿನಿಂದ ಆ ಊರಲ್ಲಿ ಗಂಡು, ಹೆಣ್ಣು, ಕೂಸು, ಮುದುಕರೆನ್ನದೆ ಎಲ್ಲರ ಮುಖಕ್ಕೂ ತೆಳ್ಳನೆಯ ಬಟ್ಟೆ. ಉಣ್ಣುವುದು ಮುಸುಕಿನೊಳಗೆ. ಮುದ್ದಿಡುವುದು ಮುಸುಕಿನ ಮೇಲೆ. ಆ ಬಟ್ಟೆಯೊಳಗಿನಿಂದ ಕೆರೆ ಮಸುಕಾಗಿ ಕಾಣುತ್ತಿತ್ತು. ಚಂದ ಕಾಣುತ್ತಿತ್ತು.

ಏರಿಯವನು ಕಟ್ಟೆ ಇಳಿಯಲಿಲ್ಲ.

"ಎಲ್ಲರೂ ಸಾಯ್ತೀರಿ," ಎಂದ.

"ಎಲ್ಲರೂ ಅಂದ್ರೆ ಯಾರಪ್ಪಾ?" ಎಂದು ಗಾಣದವನು ಕೇಳಿದ. ಊರಿಗೆಲ್ಲ ನಗೆ ಹಂಚುವವನು ಅವನೇ.

"ನೀನೂ."

"ನನ್ನ ನೆನೆದ್ರೆ ನನಗೇ ಅಳು ಬರಲ್ಲ. ನನ್ನ ಹೆಂಡ್ತಿಗಂತೂ ನಗು ಬರುತ್ತೆ."

ಜನ ನಕ್ಕರು. ಮುಸುಕುಗಳು ಗಾಳಿಗೆ ಸಿಕ್ಕ ಹಾಗೆ ಅಲ್ಲಾಡಿದವು.

ಏರಿಯವನು ಬಗಲಿನ ಗಂಟು ಬಿಚ್ಚಿ ಕೆಂಪು ಮಣ್ಣು ತೋರಿಸಿದ. "ಬುಡದಲ್ಲಿ ಬಂದದ್ದು. ಏರಿಯ ಹೊಟ್ಟೆಯೊಳಗಿನ ಮಣ್ಣು."

ಮಡಕೆಯವಳು ಮುಂದೆ ಬಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದಳು. "ಒಳ್ಳೇ ಮಣ್ಣು ಕಣಣ್ಣಾ. ಇನ್ನೂ ಇದ್ದರೆ ಕೊಡು. ಒಲೆಗೆ ಬಳಿಯೋಕೆ ಆಗುತ್ತೆ."

ಊರ ಹಿರಿಯ ಕೋಲು ಊರಿ ಎದ್ದ. ಅವನು ಎದ್ದರೆ ಮಾತು ಮುಗಿದ ಹಾಗೆ. "ನನ್ನ ಅಜ್ಜ ಆ ಏರಿಯ ಕೆಳಗೇ ಹುಟ್ಟಿ ಕೆಳಗೇ ಸತ್ತ. ನನ್ನಪ್ಪನೂ ಅಷ್ಟೆ. ಅದು ಒಡೆಯೋ ಏರಿಯಾಗಿದ್ರೆ ಇಷ್ಟು ಹೊತ್ತಿಗೆ ಒಡೀಬೇಕಿತ್ತು. ಇಷ್ಟು ಕಾಲ ನಿಂತಿದೆ ಅಂದ್ರೆ ನಿಲ್ಲೋದು ಅದಕ್ಕೆ ಅಭ್ಯಾಸ ಆಗಿದೆ."

ಜನ ತಲೆದೂಗಿ ಮನೆಗೆ ಹೋದರು.

ಏರಿಯವನು ಒಬ್ಬನೇ ಮಣ್ಣು ಹೊತ್ತ. ಬುಟ್ಟಿ ತುಂಬ ಹಾಕಿದರೆ ಎರಡು ಬುಟ್ಟಿಯಷ್ಟು ಕೆಂಪಾಗಿ ಹರಿದು ಹೋಯಿತು. ಬುಡದಲ್ಲಿ ಒಂದು ಗುಂಡಿ ಬಿತ್ತು. ಗುಂಡಿಯೊಳಗೆ ನೀರು ಕುದಿಯುವ ಎಸರಿನಂತೆ ಮರಳುತ್ತಿತ್ತು.

ಮತ್ತೆ ಕಟ್ಟೆ ಹತ್ತಿದ. ಈ ಸಲ ಒಂದು ಚೀಲ ಹೊತ್ತು ತಂದಿದ್ದ. ಬಾಯಿ ಬಿಚ್ಚಿ ಸುರಿದ. ಜೋಳದ ಕಾಳು.

"ತಲೆಗೊಂದು ಕಾಳು," ಎಂದ. "ಊರಲ್ಲಿ ಎಷ್ಟು ಜನ ಇದ್ದೀರೋ ಅಷ್ಟು. ಕಣ್ಣಲ್ಲಿ ನೋಡಿ. ಇಷ್ಟೂ ಹೋಗುತ್ತೆ."

ಜನ ರಾಶಿ ನೋಡಿದರು. ರಾಶಿ ಅಂದರೆ ರಾಶಿ. ಅದರಲ್ಲಿ ಯಾರ ಮುಖವೂ ಇರಲಿಲ್ಲ. ಯಾರದೋ ಕೋಳಿ ಬಂದು ಹೆಕ್ಕತೊಡಗಿತು. ನಾಲ್ಕು ಕಾಳು ನುಂಗಿತು.

"ನೋಡು ನೋಡು, ನನ್ನ ಹೆಂಡ್ತೀನ ನುಂಗಿಬಿಡ್ತು," ಎಂದ ಗಾಣದವನು. "ಇನ್ನೊಂದು ನುಂಗಿದ್ರೆ ಅತ್ತೇನೂ ಹೋಗ್ತಾಳೆ. ತಡೀಬೇಡಿ."

ನಗೆ ಎದ್ದಿತು. ಏರಿಯವನು ಸಿಟ್ಟಿನಿಂದ ಕಲ್ಲು ತೆಗೆದು ಕೋಳಿಗೆ ಬೀಸಿದ. ಕಲ್ಲು ಕಾಲಿಗೆ ತಗುಲಿತು. ಕೋಳಿ ಒಂದು ಕಾಲು ಎಳೆದುಕೊಂಡು ಕಟ್ಟೆಯನ್ನು ಸುತ್ತಿತು, ಮತ್ತೆ ಸುತ್ತಿತು, ನೆಲಕ್ಕೆ ಎದೆ ಊರಿ ಕೂತಿತು.

ನಗೆ ನಿಂತಿತು. ಮಡಕೆಯವಳು ಮುಸುಕು ಎತ್ತಿದಳು. "ಅಯ್ಯೋ, ಅದೇನು ಮಾಡಿತ್ತು ನಿನಗೆ," ಎಂದಳು. ಬಟ್ಟಲು ಅವಳ ಹತ್ತಿರವೇ ಇತ್ತು. ಹನಿ ಬಿತ್ತು. ಪಕ್ಕದವಳೂ ಮುಸುಕು ಎತ್ತಿದಳು. ಇನ್ನೊಂದು ಹನಿ.

ಅಂದು ಬಟ್ಟಲಿನಲ್ಲಿ ಬಿದ್ದದ್ದು ಅಷ್ಟೆ. ಕೋಳಿಗೆ.

ಜನ ಹೋದ ಮೇಲೆ ಬಟ್ಟಲಮ್ಮ ಬಟ್ಟಲು ಒರೆಸುತ್ತ ಕೂತಳು. ಅವಳೂ ಏರಿಯವನ ಹಾಗೆ ಮುದುಕಿ. ಹುಟ್ಟಿದಾಗಿನಿಂದ ಜನರ ಕಣ್ಣು ನೋಡಿದವಳು.

"ನಿನಗೆ ಹೇಳೋಕೆ ಬರಲ್ಲ," ಎಂದಳು.

"ನಿಜ ಹೇಳೋಕೆ ಇನ್ನೇನು ಬರಬೇಕು?"

"ಎಲ್ಲರನ್ನೂ ಹೊತ್ತು ತರ್ತೀಯ. ಎಲ್ಲರೂ ಬಂದ್ರೆ ಯಾರೂ ಬಂದ ಹಾಗಲ್ಲ. ಒಬ್ಬರನ್ನ ತಾ. ಹೆಸರು ಹೇಳು. ಮಗುವಾದ್ರೆ ಒಳ್ಳೇದು."

"ಮಗುವಿಗೆ ಏನಾಗಿರಬೇಕು?"

"ಸತ್ತಿರಬೇಕು," ಎಂದಳು ಬಟ್ಟಲಮ್ಮ. ಬಟ್ಟಲನ್ನು ಬೋರಲು ಹಾಕಿ ಎದ್ದಳು.

ಆ ಊರಲ್ಲಿ ಹೆಸರು ಅನ್ನುವುದು ಮನೆಯೊಳಗಿನ ಮಾತು. ಹೊರಗೆ ಗಾಣದವನು, ಮಡಕೆಯವಳು, ಏರಿಯವನು. ಹೆಸರನ್ನು ಹೊರಗೆ ಕೂಗುವುದು ಒಂದೇ ಸಲ, ಕಟ್ಟೆಯ ಮೇಲೆ, ಸತ್ತಾಗ. ಹಾಗೆ ಕೂಗಿದ ಹೆಸರು ಮತ್ತೆ ಬದುಕಿದವರದ್ದಲ್ಲ.

ಏರಿಯವನಿಗೆ ಮನೆಯಲ್ಲಿದ್ದದ್ದು ಮೊಮ್ಮಗಳು ಒಬ್ಬಳೇ. ಹೆಸರು ಸಂಪಿ. ಹಾಲುಹಲ್ಲು ಬೀಳುವ ವಯಸ್ಸು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ದಾಟಿ ಹೋಗಿಬಿಡಬಹುದಿತ್ತು. ಗುಡ್ಡದಾಚೆ ಬೇರೆ ಊರಿತ್ತು. ಅವನು ಒಮ್ಮೆ ಏರಿಯ ತುದಿಯವರೆಗೆ ಹೋಗಿ ನಿಂತ. ಕೆಳಗೆ ಒಲೆಗಳ ಹೊಗೆ ಏಳುತ್ತಿತ್ತು. ಎಷ್ಟು ಒಲೆ ಎಂದು ಅವನಿಗೆ ಗೊತ್ತಿತ್ತು. ಅಷ್ಟನ್ನೂ ಬಿಟ್ಟು ಒಂದನ್ನು ಎತ್ತಿಕೊಂಡು ಹೋಗಲು ಕಾಲು ಬರಲಿಲ್ಲ. ಹಿಂದಿರುಗಿದ.

ಏರಿಯ ತುದಿಯಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಕಲ್ಲಿನ ಕೋಣೆ. ಹಿಂದಿನ ಏರಿಯವರು ಹಾರೆ, ಗುದ್ದಲಿ ಇಡುತ್ತಿದ್ದದ್ದು. ಅಲ್ಲಿಗೆ ಮೊಮ್ಮಗಳನ್ನು ಕರೆದೊಯ್ದ.

"ಇಲ್ಲೇ ಇರು. ಹೊರಗೆ ಬರಬೇಡ. ಯಾರು ಕರೆದ್ರೂ ಓಗೊಡಬೇಡ."

"ಯಾಕಜ್ಜಾ?"

"ನೀನು ಸತ್ತಿದ್ದೀಯ."

ಸಂಪಿ ಯೋಚಿಸಿದಳು. "ಊಟ?"

"ತಂದುಕೊಡ್ತೀನಿ."

"ಎಷ್ಟು ದಿನ ಸಾಯಬೇಕು?"

"ಏರಿ ಕಟ್ಟೋತನಕ."

"ಸರಿ," ಎಂದಳು. ಮುಸುಕು ಕಿತ್ತು ಮೂಲೆಗೆ ಎಸೆದಳು. "ಸತ್ತೋರಿಗೆ ಕಣಜ ಕಚ್ಚಲ್ಲ ಅಲ್ವಾ?"

ಅವನು ಅವಳ ಹಳದಿ ತೇಪೆಯ ಲಂಗವನ್ನು ಗುಂಡಿಯ ಕೆಂಪು ನೀರಲ್ಲಿ ಅದ್ದಿದ. ಹಿಂಡಲಿಲ್ಲ. ಹಾಗೇ ಎರಡು ಕೈಯಲ್ಲಿ ಹಿಡಿದು ಕಟ್ಟೆ ಹತ್ತಿದ. ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಕೆಂಪಗೆ ಹರಿಯಿತು.

ಈ ಸಲ ಏರಿ ಎನ್ನಲಿಲ್ಲ. ಕೆರೆ ಎನ್ನಲಿಲ್ಲ. ಎಲ್ಲರೂ ಎನ್ನಲಿಲ್ಲ.

"ಏರಿಯ ಬುಡದಲ್ಲಿ ಗುಂಡಿ," ಎಂದ. "ನನ್ನ ಮೊಮ್ಮಗಳು ಕಾಲು ಜಾರಿ ಬಿದ್ದಳು. ಅಜ್ಜಾ ಅಂದಳು. ನಾನು ಮುಟ್ಟೋ ಹೊತ್ತಿಗೆ ಲಂಗ ಮಾತ್ರ ಕೈಗೆ ಬಂತು. ಸಂಪಿ ಅಂತ ಹೆಸರು."

ಹೆಸರು ಬಿದ್ದದ್ದೇ ತಡ, ಮುಸುಕುಗಳು ಎದ್ದವು. ಸಾಲಿಗೆ ಸಾಲು. ಎತ್ತಿ, ಬಾಗಿ, ಬೀಳಿಸಿ, ಇಳಿಸಿ. ಎತ್ತಿ, ಬಾಗಿ, ಬೀಳಿಸಿ, ಇಳಿಸಿ. ಗಾಣದವನು ಎತ್ತಿದ ಮುಸುಕನ್ನು ಇಳಿಸಲೇ ಇಲ್ಲ. ಮಡಕೆಯವಳು ಎದೆ ಬಡಿದುಕೊಂಡಳು. ಬಟ್ಟಲು ಅರ್ಧ ಸುತ್ತುವ ಮೊದಲೇ ಗೆರೆ ಮುಳುಗಿತು. ಬಟ್ಟಲಮ್ಮ ಇನ್ನೊಂದು ಪಾತ್ರೆ ತರಿಸಿದಳು.

ಏರಿಯವನೂ ಅತ್ತ. ಸಂತೋಷಕ್ಕೆ ಅತ್ತ. ಅದೂ ಬಟ್ಟಲಿಗೇ ಬಿತ್ತು.

ಊರಿಗೆ ಊರೇ ಏರಿಯ ಕಡೆ ನಡೆಯಿತು. ಹಾರೆ, ಗುದ್ದಲಿ, ಬುಟ್ಟಿ, ಎತ್ತು, ಗಾಡಿ. ಇಷ್ಟು ಕೈಗಳಿದ್ದರೆ ಏರಿ ಎರಡು ಪಟ್ಟು ದಪ್ಪವಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಎಲ್ಲಿ ಮಣ್ಣು ಒತ್ತಬೇಕು, ಎಲ್ಲಿ ಕಲ್ಲು ಇಳಿಸಬೇಕು ಎಂದು ಹೇಳಲು ಮುಂದೆ ಓಡಿದ.

ಜನ ಗುಂಡಿಯ ಹತ್ತಿರ ನಿಂತರು. ಗುಂಡಿಯ ಸುತ್ತ ಗೋಡೆ ಕಟ್ಟತೊಡಗಿದರು.

"ಇದಲ್ಲ," ಎಂದ ಏರಿಯವನು. "ಏರಿ. ಏರಿ ಕಟ್ಟಬೇಕು."

"ಮಗು ಬಿದ್ದದ್ದು ಎಲ್ಲಿಗೆ?" ಎಂದ ಊರ ಹಿರಿಯ. ದನಿ ಮೆತ್ತಗಿತ್ತು.

"ಗುಂಡಿಗೆ."

"ಮತ್ತೆ. ಏರಿಗೆ ಬಿದ್ದು ಸತ್ತವರು ಯಾರಿದ್ದಾರೆ? ನೀನು ಕೂತ್ಕೋ. ಸಂಕಟದಲ್ಲಿದ್ದೀಯ. ಇನ್ನು ಮುಂದೆ ಯಾವ ಮಗುವೂ ಇದರೊಳಗೆ ಬೀಳಲ್ಲ. ನಾವು ನೋಡ್ಕೋತೀವಿ."

ಗೋಡೆಗೆ ಕಲ್ಲು ಬೇಕಿತ್ತು. ಹತ್ತಿರದಲ್ಲೇ ಕಲ್ಲಿತ್ತು. ಏರಿಯ ಮೈಗೆ ಹಿಂದಿನವರು ಹೊದಿಸಿದ ಕಲ್ಲು. ಹಾರೆ ಹಾಕಿ ಕಿತ್ತರು. ಒಳ್ಳೆಯ ಚಪ್ಪಟೆ ಕಲ್ಲು, ಒಂದರ ಮೇಲೊಂದು ಚೆನ್ನಾಗಿ ಕೂತಿತು. ಏರಿಯವನು ಒಂದೊಂದು ಕಲ್ಲಿಗೂ ಅಡ್ಡ ಬಿದ್ದ. ಅವನನ್ನು ಮೃದುವಾಗಿ ಎತ್ತಿ ಪಕ್ಕಕ್ಕೆ ಇಟ್ಟರು. ಮಡಕೆಯವಳು ಅವನ ಬಾಯಿಗೆ ಮಜ್ಜಿಗೆ ಹಿಡಿದಳು. ಗೋಡೆ ಎದೆಯೆತ್ತರ ಬಂತು. ಮೇಲೊಂದು ಚಪ್ಪಡಿ ಮುಚ್ಚಿದರು. ಕೆಂಪು ನೀರು ಕಾಣದಾಯಿತು.

"ನೋಡು, ನಿಂತೇ ಹೋಯ್ತು," ಎಂದ ಗಾಣದವನು.

ಏರಿಯ ಮೈ ಚರ್ಮ ಸುಲಿದ ಹಾಗೆ ಕೆಂಪಗೆ ಕಾಣುತ್ತಿತ್ತು. ನಾಳೆ ಇನ್ನೊಂದು ಸುತ್ತು ಕಲ್ಲು ಕೀಳುತ್ತೇವೆ, ಗೋಡೆಗೆ ಮೆಟ್ಟಿಲು ಬೇಕು, ಹೂ ಇಡಲು ಗೂಡು ಬೇಕು ಎಂದರು.

ಇನ್ನು ಅವನಿಗೆ ಉಳಿದದ್ದು ಒಂದೇ. ಬಂಡೆಗೆ ಹೋಗಿ ಸಂಪಿಯ ಕೈ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ನಿಲ್ಲಿಸಿದ. ಅವಳ ಮುಖಕ್ಕೆ ಮುಸುಕಿರಲಿಲ್ಲ.

"ಬದುಕಿದ್ದಾಳೆ," ಎಂದ. "ನಾನು ಸುಳ್ಳು ಹೇಳಿದೆ. ಗುಂಡಿ ಸುಳ್ಳು. ಏರಿ ನಿಜ. ಕಲ್ಲು ಹಿಂದಕ್ಕೆ ಇಡಿ. ಕೈ ಮುಗೀತೀನಿ."

ಮಡಕೆಯವಳು ಮುಂದೆ ಬಂದಳು. ಸಂಪಿಯ ಕೆನ್ನೆ ಮುಟ್ಟಿದಳು. ಬಿಸಿ ತಾಗಿದ ಹಾಗೆ ಕೈ ಹಿಂದಕ್ಕೆಳೆದಳು.

"ನಾನು ಇವಳಿಗೆ ಅತ್ತಿದ್ದೀನಿ," ಎಂದಳು. "ಮೂರು ಹೊತ್ತು ಉಂಡಿಲ್ಲ. ಬದುಕಿದ್ದಾಳೆ ಅಂದ್ರೆ ನಾನು ಅತ್ತದ್ದು ಯಾರಿಗೆ?"

"ಚಿಕ್ಕವ್ವಾ, ನಾನು," ಎಂದಳು ಸಂಪಿ.

ಮಡಕೆಯವಳು ಮುಸುಕು ಇಳಿಸಿಕೊಂಡಳು.

ಗಾಣದವನು ಕೇಳಿದ: "ಒಂದು ಮಗುವಿನ ವಿಷಯದಲ್ಲೇ ಇಷ್ಟು ದೊಡ್ಡ ಸುಳ್ಳು ಹೇಳಿದವನು, ಊರಿನ ವಿಷಯದಲ್ಲಿ ಎಷ್ಟು ದೊಡ್ಡದು ಹೇಳಿರಬೇಡ?"

ಆ ಮಾತು ಜನರಿಗೆ ಹಿಡಿಸಿತು. ಎಲ್ಲರ ಎದೆ ಹಗುರವಾಯಿತು. ಗುಂಡಿಗೆ ಮಗು ಬಿದ್ದದ್ದು ಸುಳ್ಳು. ಆದ್ದರಿಂದ ಕೆಂಪು ನೀರು ಸುಳ್ಳು. ಆದ್ದರಿಂದ ಏರಿ ಗಟ್ಟಿ. ಕೆಲವರು ಅಲ್ಲಿಯೇ ಕೂತು ಎಲೆಯಡಿಕೆ ತೆಗೆದರು.

ಹಿರಿಯ ಕೋಲು ಊರಿ ಎದ್ದ.

"ಬಟ್ಟಲಿಗೆ ಬಿದ್ದ ಹನಿ ಕಣ್ಣಿಗೆ ಹಿಂದಿರುಗಲ್ಲ. ಹೆಸರು ಕೂಗಿ ಆಗಿದೆ. ಗೋಡೆ ಕಟ್ಟಿ ಆಗಿದೆ. ಬಟ್ಟಲು ಸುಳ್ಳಾಗಬಾರದು. ಮಗು ಸತ್ತಿದೆ. ಸತ್ತವಳ ಜಾಗ ಅವಳು ಸತ್ತ ಜಾಗ."

ಸಂಪಿಗೆ ಯಾರೂ ಹೊಡೆಯಲಿಲ್ಲ. ಬೈಯಲಿಲ್ಲ. ಮೆರವಣಿಗೆಯಲ್ಲಿ ಕರೆದೊಯ್ದು ಗೋಡೆಯ ಮೇಲಿನ ಚಪ್ಪಡಿಯ ಮೇಲೆ ಕೂರಿಸಿದರು. ಸೊಂಟಕ್ಕೆ ಹೂವಿನ ಹಗ್ಗ ಸುತ್ತಿ ಕಲ್ಲಿಗೆ ಕಟ್ಟಿದರು. ಹೂವಿನೊಳಗೆ ನಾರಿತ್ತು. ದಿನವೂ ಬೆಳಿಗ್ಗೆ ಹೆಂಗಸರು ಬಂದು ಸತ್ತವರಿಗೆ ಇಡುವ ಅನ್ನ ಇಟ್ಟು, ಮುಸುಕು ಎತ್ತಿ ಅತ್ತು, ಮುಸುಕು ಇಳಿಸಿ, ಹಗುರಾಗಿ ಹೋಗುತ್ತಿದ್ದರು. ಅವಳು ಆ ಅನ್ನ ತಿನ್ನುತ್ತಿದ್ದಳು. ತಿನ್ನುವುದನ್ನು ಯಾರೂ ನೋಡುತ್ತಿರಲಿಲ್ಲ.

"ಕೆಳಗೆ ಸದ್ದಾಗ್ತಿದೆ ಚಿಕ್ಕವ್ವಾ," ಎನ್ನುತ್ತಿದ್ದಳು. "ಕಲ್ಲು ಅಲ್ಲಾಡ್ತಿದೆ. ಸಂದಿನಲ್ಲಿ ಕೆಂಪು ನೀರು ಬರ್ತಿದೆ."

ಮಡಕೆಯವಳು ಪಕ್ಕದವಳಿಗೆ ಹೇಳುತ್ತಿದ್ದಳು: "ಎಂಥಾ ಮುದ್ದಾದ ಮಗುವಾಗಿತ್ತು. ಈಗಲೂ ಮಾತಾಡಿದ ಹಾಗೇ ಕೇಳುತ್ತೆ ನನಗೆ."

ಏರಿಯವನು ಮಟಮಟ ಮಧ್ಯಾಹ್ನ ಕುಡುಗೋಲು ಹಿಡಿದು ಬಂದು ಹಗ್ಗ ಕತ್ತರಿಸಲು ಹೋದ. ಸತ್ತವರನ್ನು ಕದಿಯುವುದು ಆ ಊರಲ್ಲಿ ದೊಡ್ಡ ತಪ್ಪು. ಕೂಗಾಯಿತು. ಜನ ಬಂದರು. ಅವನ ಎರಡು ಕಾಲನ್ನೂ ಕಲ್ಲಿನಿಂದ ಜಜ್ಜಿದರು. ಕಲ್ಲು ಏರಿಯಿಂದ ಕಿತ್ತದ್ದೇ. ಆಮೇಲೆ ಕಂಬಳಿಯಲ್ಲಿ ಹೊತ್ತು ಗುಡ್ಡದ ನೆತ್ತಿಗೆ ಒಯ್ದು ಗಡಿಗಲ್ಲಿನ ಆಚೆ ಇಳಿಸಿದರು. ನೀರಿನ ಗಡಿಗೆಯೊಂದನ್ನು ಪಕ್ಕಕ್ಕಿಟ್ಟರು. ಕೆಟ್ಟ ಜನವಲ್ಲ.

ಗಡಿಗಲ್ಲಿನ ಹತ್ತಿರ ಕೂತರೆ ಕೆರೆ ಕಾಣುತ್ತಿತ್ತು. ಏರಿ ಕಾಣುತ್ತಿತ್ತು. ಏರಿಯ ಬುಡದಲ್ಲಿ ಗೋಡೆ, ಗೋಡೆಯ ಮೇಲೆ ಒಂದು ಚುಕ್ಕೆ. ಈಗ ಅವನಿಗೆ ಮುಸುಕಿರಲಿಲ್ಲ. ಚೆನ್ನಾಗಿ ಕಾಣುತ್ತಿತ್ತು. ಅವನು ಕೈ ಎತ್ತಿದರೆ ಚುಕ್ಕೆಯೂ ಕೈ ಎತ್ತುತ್ತಿತ್ತು. ಗುಡ್ಡದಾಚೆಯ ಕುರಿಯವನು ದಿನಕ್ಕೊಮ್ಮೆ ರೊಟ್ಟಿ ಕೊಟ್ಟು ಹೋಗುತ್ತಿದ್ದ.

"ಏನಜ್ಜಾ ಅದು, ದಿನಾ ಕೈ ಬೀಸ್ತೀಯ?"

"ಮೊಮ್ಮಗಳು."

"ಕರ್ಕೊಂಡು ಬರಬಾರದಾ?"

ಅವನು ಕಾಲು ತೋರಿಸಿದ. ಕುರಿಯವನು ಕೆಳಗೆ ನೋಡಿದ, ಜನರನ್ನು ನೋಡಿದ, ಕುರಿಗಳನ್ನು ಹೊಡೆದುಕೊಂಡು ಹೋದ.

ಒಂದು ಬೆಳಿಗ್ಗೆ ಹೆಂಗಸರು ಅನ್ನದ ಎಡೆ ಹಿಡಿದು ಸಾಲಾಗಿ ಬರುತ್ತಿದ್ದರು. ಚುಕ್ಕೆ ಎದ್ದು ನಿಂತಿತು. ಕೈ ಎತ್ತಿತು. ಅವನೂ ಎತ್ತಿದ. ಕಲ್ಲು ಕಿತ್ತ ಜಾಗದಲ್ಲಿ ಏರಿ ಒಳಕ್ಕೆ ಕುಸಿಯಿತು. ಮೊದಲು ಗೋಡೆ ಹೋಯಿತು. ಆಮೇಲೆ ಹೆಂಗಸರ ಸಾಲು. ಆಮೇಲೆ ಊರು. ಸದ್ದು ತಡವಾಗಿ ಗುಡ್ಡಕ್ಕೆ ಬಂತು. ನೀರಿನ ಮೇಲೆ ಬಿಳಿ ಮುಸುಕುಗಳು ತೇಲಿದವು. ದೂರದಿಂದ ಹೂ ಚೆಲ್ಲಿದ ಹಾಗೆ ಕಾಣಿಸಿತು.

ಅವನು ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಕುರಿಯವನು ಅವನನ್ನು ಬೆನ್ನ ಮೇಲೆ ಹೊತ್ತು ಗುಡ್ಡದಾಚೆಯ ಊರಿಗೆ ಒಯ್ದ. ಅಲ್ಲಿಯೂ ಅಳುವ ಕಟ್ಟೆ ಇತ್ತು. ಅಲ್ಲಿಯೂ ಬಟ್ಟಲಿತ್ತು. ಅವನನ್ನು ಕಟ್ಟೆಯ ಮೇಲೆ ಕೂರಿಸಿದರು. ಜನ ಸೇರಿದರು.

"ಆಚೆಯ ಊರು ಹೋಯಿತು," ಎಂದ. "ಎಲ್ಲರೂ."

ಬಟ್ಟಲು ಸುತ್ತಿತು. ಒಣಗಿಯೇ ಬಂತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಳಬೇಕು ಅಂತ ಅವರಿಗೂ ಇತ್ತು. ಬರಲಿಲ್ಲ.

ಆ ಊರ ಬಟ್ಟಲಮ್ಮ ಅವನ ಹತ್ತಿರ ಬಗ್ಗಿದಳು. "ನಿನ್ನವರು ಅಂತ ಯಾರಾದ್ರೂ ಇದ್ರಾ ಅಜ್ಜಾ?"

"ಮೊಮ್ಮಗಳು. ಸಂಪಿ."

ಜನ ಹತ್ತಿರ ಸರಿದರು. ಒಬ್ಬಳು ಸೆರಗನ್ನು ಕಣ್ಣಿನ ಹತ್ತಿರ ತಂದಳು.

"ಹೇಗೆ ಸತ್ತಳು?"

ಗುಂಡಿ, ಜಾರಿದ ಕಾಲು, ಕೈಗೆ ಬಂದ ಲಂಗ, ಎಲ್ಲ ಅವನ ಬಾಯಿಯವರೆಗೆ ಬಂತು. ಹೇಳಲಿಲ್ಲ.

"ಎಲ್ಲರ ಜೊತೆ," ಎಂದ.

ಸೆರಗು ಕೆಳಗಿಳಿಯಿತು.

ಆಗ ಗುಡ್ಡ ಬಳಸಿ ಬರುವ ಹಳ್ಳದ ಕಡೆಯಿಂದ ಒಬ್ಬ ಏದುಸಿರು ಬಿಡುತ್ತ ಬಂದ. ಹೆಗಲ ಮೇಲೆ ಕರುವಿತ್ತು. ಎಲ್ಲಿಂದಲೋ ತೇಲಿ ಬಂದು ಮುಳ್ಳುಪೊದೆಗೆ ಸಿಕ್ಕಿಹಾಕಿಕೊಂಡಿತ್ತು. ಮುಂಗಾಲು ಮುರಿದಿತ್ತು. ಅವನು ಅದನ್ನು ಕಟ್ಟೆಯ ಮೇಲೆ, ಮುದುಕನ ಪಕ್ಕದಲ್ಲಿ ಇಳಿಸಿದ. ಕರು ತಲೆ ಎತ್ತಿ ಅಂಬಾ ಎಂದಿತು.

ಬಟ್ಟಲು ತುಂಬಿತು. ಸಂಜೆಯೊಳಗೆ ಕರುವಿಗೆ ಕೊಟ್ಟಿಗೆ ಎದ್ದಿತು.